ಬೆಳಕಿಂಡಿಯ ಮೇಲಿನ ಆಟ

ಇಳಕಲ್ಲಿನ ನಮ್ಮ ಮನೆಗೆ ಒಂದೂ ಕಿಟಕಿ ಇರಲಿಲ್ಲ. ಎರಡೂ ಮಗ್ಗಲಿಗೆ ಬೇರೆಯವರ ಗೋಡೆ, ಹಿಂದೆ ಬಚ್ಚಲು, ಮುಂದೆ ಎತ್ತರದವರು ತಲೆ ಬಗ್ಗಿಸಿ ಬರಬೇಕಾದ ಬಾಗಿಲು. ಬೆಳಕು ಬರುವುದಿದ್ದರೆ ಮೇಲಿನಿಂದಲೇ ಬರಬೇಕು. ಅದಕ್ಕಾಗಿ ಮಣ್ಣಿನ ಮಾಳಿಗೆಯಲ್ಲಿ ಬೆಳಕಿಂಡಿಗಳನ್ನು ಬಿಟ್ಟಿದ್ದರು. ಅಡುಗೆಮನೆಯದು ಅಂಗೈಯಗಲ, ಹೊಗೆ ಹೋಗುವುದಕ್ಕೂ ಅದೇ ದಾರಿ. ಮಗ್ಗವಿದ್ದ ಪಡಸಾಲೆಯದು ಮಾತ್ರ ದೊಡ್ಡದು, ನಾಲ್ಕು ರೊಟ್ಟಿ ಹಂಚು ಜೋಡಿಸಿ ಇಟ್ಟಷ್ಟು ಅಗಲ. ಅದರ ಮೇಲೆ ಅಪ್ಪ ಗಾಜು ಕೂಡ್ರಿಸಿ ಸುತ್ತಲೂ ಮಣ್ಣು ಮೆತ್ತಿದ್ದ. ಅಲ್ಲಿಂದ ಬಿದ್ದ ಬಿಸಿಲು ಬೆಳಿಗ್ಗೆ ಗೋಡೆಯ ಮೇಲಿದ್ದು ಊಟದ ಹೊತ್ತಿಗೆ ನೆಟ್ಟಗೆ ಮಗ್ಗದ ಮೇಲೆ ಬರುತ್ತಿತ್ತು. ಅವ್ವ ಆ ಬಿಸಿಲು ನೋಡಿಯೇ ರೊಟ್ಟಿ ಬಡಿಯಲು ಕೂಡುತ್ತಿದ್ದಳು.

ಮನೆಯ ಯಜಮಾನ ಯಾರು ಎಂದು ಕೇಳಿದರೆ ಓಣಿಯವರು ಅಪ್ಪನ ಹೆಸರು ಹೇಳುತ್ತಿದ್ದರು. ನನ್ನನ್ನು ಕೇಳಿದರೆ ಹಾಸು ಎನ್ನುತ್ತಿದ್ದೆ. ಮಗ್ಗದ ಉದ್ದಕ್ಕೂ ಬಿಗಿಯಾಗಿ ಎಳೆದು ಕಟ್ಟಿದ ಸಾವಿರಾರು ಎಳೆಗಳ ಹಾಸು. ನಾವೆಲ್ಲ ಅದರ ಮರ್ಜಿ ನೋಡಿ ನಡೆಯುತ್ತಿದ್ದೆವು. ಅದರ ಹತ್ತಿರ ಓಡಬಾರದು, ತಲೆ ಬಾಚಬಾರದು, ಎಣ್ಣೆ ಕೈಯಲ್ಲಿ ಹೋಗಬಾರದು, ದಾಟಬಾರದು. ಒಂದು ಎಳೆ ಹರಿದರೆ ಅಪ್ಪ ಲಾಳಿ ನಿಲ್ಲಿಸಿ, ಎರಡು ತುದಿಗಳನ್ನು ಹೊಸೆದು ಕೂಡಿಸಿ, ಅದನ್ನು ಕಣ್ಣಿಗೊತ್ತಿಕೊಂಡು ಮುಂದೆ ನೇಯುತ್ತಿದ್ದ. ಮಗ್ಗದ ಮೇಲಿನ ಹಾಸನ್ನು ನಡುವೆ ಕೊಯ್ಯುವುದು ನಮ್ಮಲ್ಲಿ ಬಾಯಿಂದ ಆಡುವ ಮಾತೂ ಆಗಿರಲಿಲ್ಲ. ಮುಗಿದ ಸೀರೆಯನ್ನು ಬಿಡಿಸುವಾಗ ಕೂಡ ಆಯಿ, ಎಂದರೆ ಅಪ್ಪನ ತಾಯಿ, ಮೊದಲು ಅರಿಷಿಣ ಕುಂಕುಮ ಹಚ್ಚಿ ಕೈಮುಗಿದ ಮೇಲೆಯೇ ಕತ್ತರಿ ತರುತ್ತಿದ್ದದ್ದು.

ಅಪ್ಪನಿಗೆ ಊರಲ್ಲಿ ದೊಡ್ಡ ಹೆಸರಿತ್ತು. ಬಾವಿಗೆ ಬಿದ್ದವರನ್ನು ತೆಗೆಯಬೇಕಾದರೆ, ಕಲ್ಲಿನ ಗಾಡಿ ಮಗುಚಿ ಯಾರೋ ಸಿಕ್ಕಿಕೊಂಡರೆ ಜನ ಮೊದಲು ನಮ್ಮ ಬಾಗಿಲಿಗೆ ಓಡಿ ಬರುತ್ತಿದ್ದರು. ಅವನು ಹೆಚ್ಚು ಮಾತಾಡದೆ ಹೋಗಿ, ಮಾಡಿ, ಕೈಕಾಲು ತೊಳೆದುಕೊಂಡು ಮತ್ತೆ ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯಲು ಕೂಡುತ್ತಿದ್ದ. ನಾನು ಸಂಗಪ್ಪನ ಮಗಳು ಎಂದು ಹೇಳಿಕೊಳ್ಳುವಾಗ ನನ್ನ ಕುತ್ತಿಗೆ ತಾನೇ ಉದ್ದವಾಗುತ್ತಿತ್ತು. ಅದೇ ಕೈ ಮನೆಯೊಳಗೆ ಬೇರೆ ಕೆಲಸವನ್ನೂ ಮಾಡುತ್ತಿತ್ತು. ನನ್ನ ಅಕ್ಕ ಕಮಲಾ ಒಮ್ಮೆ ಹೇಳದೆ ಗೆಳತಿಯ ಮನೆಗೆ ಹೋಗಿ ಬಂದದ್ದಕ್ಕೆ ಅವಳನ್ನು ಕಂಬಕ್ಕೆ ಒತ್ತಿ ಹಿಡಿದು ಎಷ್ಟು ಹೊಡೆದನೆಂದರೆ ಅವಳಿಗೆ ಒಂದು ವಾರ ಕೂತು ಉಣ್ಣಲಾಗಲಿಲ್ಲ, ನಿಂತೇ ಉಂಡಳು. ಅದನ್ನು ಕಣ್ಣಾರೆ ನೋಡಿದವಳು ನಾನು. ಆದರೂ ಅಪ್ಪನ ಬಗ್ಗೆ ಕೆಟ್ಟದ್ದು ಯೋಚಿಸಲು ಬರುತ್ತಿರಲಿಲ್ಲ. ಅಕ್ಕನದೇ ತಪ್ಪು ಎಂದುಕೊಂಡೆ, ಹಾಗೆ ಅಂದುಕೊಳ್ಳುವುದು ಸುಲಭವಿತ್ತು.

ಅಪ್ಪನ ತಮ್ಮ ಗುರಪ್ಪ ಕಾಕಾ ಸೊಲ್ಲಾಪುರದ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಅಲ್ಲಿ ಅವನ ಹೆಂಡತಿ ಜ್ವರ ಬಂದು ತೀರಿಕೊಂಡ ಮೇಲೆ ಎಂಟು ವರ್ಷದ ಮಗನನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದ. ಕಾಕಾ ನೂಲು ತರುವುದು, ಹಾಸು ಹೂಡುವುದು, ಅಪ್ಪ ಎದ್ದಾಗ ಮಗ್ಗಕ್ಕೆ ಕೂಡುವುದು ಎಲ್ಲ ಮಾಡುತ್ತಿದ್ದ. ಆದರೆ ಆಯಿಯ ಲೆಕ್ಕದಲ್ಲಿ ಅವನು ಊರು ಬಿಟ್ಟು ಹೋಗಿ ಹೆಂಡತಿಯನ್ನು ಕಳೆದುಕೊಂಡು ಬಂದವನು. ಊಟಕ್ಕೆ ಅಣ್ಣತಮ್ಮಂದಿರು ಜೋಡಿಯಾಗಿಯೇ ಕೂಡುತ್ತಿದ್ದರು. ಅಪ್ಪನ ತಾಟಿಗೆ ರೊಟ್ಟಿ ತಾನಾಗಿ ಬೀಳುತ್ತಿತ್ತು, ಕಾಕಾನ ತಾಟಿಗೆ ಅವನು ಕೇಳಿದ ಮೇಲೆ. ಅವನು ಕೇಳುತ್ತಿದ್ದದ್ದು ಕಡಿಮೆ. ಅವನ ಮಗ ಮಲ್ಲೇಶಿ, ನಮ್ಮ ಬಾಯಲ್ಲಿ ಮಲ್ಲ್ಯಾ, ನನಗಿಂತ ಎರಡು ವರ್ಷ ಚಿಕ್ಕವನು. ಕರ್ರಗೆ, ಸಣ್ಣಗೆ ಇದ್ದ, ಕನ್ನಡದ ನಡುವೆ ಮರಾಠಿ ಸೇರಿಸಿ ಮಾತಾಡುತ್ತಿದ್ದ. ಬಂದ ದಿನದಿಂದ ಅಕ್ಕಾ, ಅಕ್ಕಾ ಎಂದು ನನ್ನ ಹಿಂದೆಯೇ ತಿರುಗಿದ. ನನಗೆ ಮೊದಲ ಬಾರಿ ಯಾರ ಮೇಲಾದರೂ ಅಧಿಕಾರ ನಡೆಸುವ ಅವಕಾಶ ಸಿಕ್ಕಿತ್ತು, ಅದನ್ನು ನಾನು ಒಂದು ದಿನವೂ ವ್ಯರ್ಥ ಮಾಡಲಿಲ್ಲ.

ಆ ವರ್ಷ ಅಪ್ಪ ಕಮಲಕ್ಕನ ಧಾರೆ ಸೀರೆ ಹೂಡಿದ್ದ. ಗುಳೇದಗುಡ್ಡದ ಕಡೆಯ ಸಂಬಂಧ, ಅವರೂ ನೇಕಾರರೇ, ಮನೆಯಲ್ಲಿ ರವಿಕೆಯ ಖಣ ನೇಯುತ್ತಿದ್ದರು. ಮಗಳ ಧಾರೆ ಸೀರೆಯನ್ನು ತಂದೆಯೇ ನೇಯಬೇಕೆಂಬುದು ನಮ್ಮ ಮನೆತನದ ಪದ್ಧತಿ. ಒಡಲಿನ ಎಳೆಗಳಿಗೆ ಸೆರಗಿನ ಕೆಂಪು ರೇಷ್ಮೆಯ ಎಳೆಗಳನ್ನು ಒಂದೊಂದಾಗಿ ಕೂಡಿಸಲು ಅವ್ವ, ಆಯಿ, ಅಕ್ಕ ಮೂವರೂ ಬೆನ್ನು ಬಗ್ಗಿಸಿ ಮೂರು ದಿನ ಕೂತಿದ್ದರು.

ಅಮವಾಸ್ಯೆಗೆ ನಮ್ಮಲ್ಲಿ ಮಗ್ಗ ತುಳಿಯುತ್ತಿರಲಿಲ್ಲ. ಅಂಥ ಒಂದು ಅಮವಾಸ್ಯೆಯ ದಿನ ಕಡಬು ಉಂಡು ಎದ್ದ ಮೇಲೆ ಕಾಕಾ ನಮ್ಮಿಬ್ಬರನ್ನೂ ಮಧ್ಯಾಹ್ನದ ಆಟಕ್ಕೆ ಕರೆದುಕೊಂಡು ಹೋದ. ಹಿಂದಿ ಸಿನಿಮಾ. ನಮಗೆ ಹಿಂದಿ ಒಂದಕ್ಷರ ಬರುತ್ತಿರಲಿಲ್ಲ, ಬರಬೇಕಾದ ಅಗತ್ಯವೂ ಕಾಣಲಿಲ್ಲ. ನಾಯಕನಿಗೆ ನೀಲಿ ಅಂಗಿ, ಕಣ್ಣಿಗೆ ಕರಿ ಪಟ್ಟಿ, ಹೆಗಲಿಗೆ ಕೆಂಪು ವಸ್ತ್ರ. ಅವನು ಹಾರುತ್ತಿದ್ದ. ಒಂದೆರಡು ಸಲ ಅವನನ್ನು ಕಟ್ಟಿದ್ದ ತಂತಿ ಕಾಣಿಸಿತು, ನಾವು ಅದನ್ನು ನೋಡದವರಂತೆ ಕೂತೆವು. ಖಳನಾಯಕ ಬೋಳುತಲೆಯವನು, ಅವನ ಬಲಗೈ ಕಬ್ಬಿಣದ್ದು. ಅವನು ಆಣೆಕಟ್ಟು ಒಡೆದು ಊರನ್ನೆಲ್ಲ ಮುಳುಗಿಸಲು ಹೊರಟಿದ್ದ. ಕೊನೆಗೆ ಇಬ್ಬರೂ ಒಂದು ಗೋಪುರದ ತುದಿಯಲ್ಲಿ ಹೊಡೆದಾಡಿದರು. ಖಳನಾಯಕ ಅಂಚಿನಲ್ಲಿ ಜೋತುಬಿದ್ದು, ಕಬ್ಬಿಣದ ಕೈ ಎತ್ತಿ ತೋರಿಸುತ್ತ ಏನೋ ಹೇಳತೊಡಗಿದ. ಥಿಯೇಟರಿನಲ್ಲಿ ಅಷ್ಟೊತ್ತಿಗಾಗಲೇ ಸೀಟಿಗಳ ಮಳೆ. ನಾಯಕ ಅವನ ಮಾತು ಮುಗಿಯುವವರೆಗೆ ಕಾದು, ತಾನು ಹಿಡಿದಿದ್ದ ಅವನ ಇನ್ನೊಂದು ಕೈಯನ್ನು ಬಿಟ್ಟುಬಿಟ್ಟ. ನಾನು ಕುರ್ಚಿಯ ಮೇಲೆ ಹತ್ತಿ ನಿಂತು ಕೂಗಿದೆ. ಆ ನೀಲಿ ಅಂಗಿಯೊಳಗೆ ನನಗೆ ಕಂಡದ್ದು ಅಪ್ಪ.

ಮನೆಗೆ ಬರುವಾಗ ಕಾಕಾ ಮಿರ್ಚಿ ಭಜಿ ಕೊಡಿಸಿದ. ಮಲ್ಲ್ಯಾ ತನ್ನದನ್ನು ತಿನ್ನದೆ ಕೈಯಲ್ಲೇ ಹಿಡಿದುಕೊಂಡು ಬರುತ್ತಿದ್ದ.

"ಅಪ್ಪಾ, ಆ ಬೋಳತಲಿಯಂವ ಕಡೀಕ ಕೈ ತೋರ್ಸಿ ಏನೋ ಅಂದ್ನಲ್ಲ, ಏನಂದ?"

"ಈ ಕೈ ನಿಮ್ಮಪ್ಪನ ಮಿಲ್ಲಿನ್ಯಾಗ ಹೋತು, ಕೇಳಾಕ ಬಂದ್ರ ನಾಯಿ ಬಿಟ್ರಿ. ಹಂಗಂದ."

"ಖರೆ ಏನು ಅದು?"

"ಖರೆನ. ಹೀರೋಗೂ ಗೊತ್ತಿತ್ತು."

"ಮತ್ತ ಯಾಕ ಕೆಳಗ ಒಗದ?"

ಕಾಕಾ ನಕ್ಕ. "ಒಗೀದಿದ್ರ ಮಂದಿ ಸೀಟಿ ಹೆಂಗ ಹೊಡೀತಿದ್ರು."

ನನಗೆ ಸಿಟ್ಟು ಬಂತು. ಅಷ್ಟು ಚಂದದ ಸಿನಿಮಾಕ್ಕೆ ಇವರಿಬ್ಬರೂ ಸೇರಿ ಮಣ್ಣು ಹಾಕುತ್ತಿದ್ದಾರೆ ಅನಿಸಿತು.

"ಅಂವ ಆಣೆಕಟ್ಟ ಒಡ್ಯಾಕ ಬಂದಿದ್ದ ಕಾಕಾ. ಊರಿಗಿ ಊರ ಮುಳಗಿಸ್ತಿದ್ದ."

"ಅದೂ ಖರೆನ ಯವ್ವಾ. ಎರಡೂ ಖರೆ."

ಎರಡೂ ಖರೆ ಅನ್ನುವ ಮಾತು ನನಗೆ ಆಗ ಬೇಕಾಗಿರಲಿಲ್ಲ. ಹತ್ತು ವರ್ಷದ ನನಗೆ ಒಂದು ಖರೆ ಸಾಕಿತ್ತು.

ಮರುದಿನದಿಂದ ಮಾಳಿಗೆಯ ಮೇಲೆ ನಮ್ಮ ಆಟ ಸುರುವಾಯಿತು. ಆಯಿಯ ಹರಿದ ಸೀರೆಯ ಕೆಂಪು ಸೆರಗು ನನ್ನ ಹೆಗಲಿಗೆ, ಖಾಲಿ ತಗಡಿನ ಡಬ್ಬಿ ಮಲ್ಲ್ಯಾನ ಬಲಗೈಗೆ. ಯಾರು ಏನಾಗಬೇಕೆಂದು ನಾವು ಮಾತೇ ಆಡಲಿಲ್ಲ. ಮನೆ ನಮ್ಮದು, ಅವನು ಬಂದವನು. ನಾನು ಬೆಳ್ಳಗೆ, ಅವನು ಕರ್ರಗೆ. ಮಾಳಿಗೆಯ ಒಂದು ಅಂಚಿಗೆ ಮೊಳಕಾಲೆತ್ತರದ ಕಟ್ಟೆ ಇತ್ತು, ಅದೇ ಗೋಪುರ. ಅವನು ಅದರ ಮೇಲೆ ನಿಲ್ಲಬೇಕು, ನಾನು ಹಾರಿ ಬಂದು ದೂಡಬೇಕು, ಅವನು ಮಾಳಿಗೆಯ ಮಣ್ಣಿಗೆ ಬಿದ್ದು ಸಾಯಬೇಕು. ಸೀಟಿ ಹೊಡೆಯುವವರು ಯಾರೂ ಇಲ್ಲವಾದ್ದರಿಂದ ಅದನ್ನೂ ನಾನೇ ಹೊಡೆಯುತ್ತಿದ್ದೆ. ಮೂರ್ನಾಲ್ಕು ದಿನ ಅವನು ಅಚ್ಚುಕಟ್ಟಾಗಿ ಸತ್ತ.

ಐದನೆಯ ದಿನ ಊಟದ ಹೊತ್ತು. ಕಾಕಾ ನೂಲು ತರಲು ಪೇಟೆಗೆ ಹೋಗಿದ್ದ. ಅಪ್ಪ ಮಗ್ಗದಿಂದ ಎದ್ದು ಅಡುಗೆಮನೆಯಲ್ಲಿ ಉಣ್ಣುತ್ತಿದ್ದ. ಮೇಲೆ ಮಲ್ಲ್ಯಾ ಕಟ್ಟೆಯನ್ನು ಹತ್ತಲಿಲ್ಲ. ಮಾಳಿಗೆಯ ನಡುವೆ ನಿಂತು ಡಬ್ಬಿಯ ಕೈ ಎತ್ತಿದ.

"ಇವತ್ತ ನಾ ಸಾಯೂದಿಲ್ಲ ಅಕ್ಕಾ. ಮೊದಲ ನನ್ನ ಮಾತ ಕೇಳು. ಈ ಕೈ ನಿಮ್ಮಪ್ಪನ ಮಿಲ್ಲಿನ್ಯಾಗ ಹೋಗೇತಿ."

"ಹಂಗ ಇಲ್ಲ ಆಟ. ಕಟ್ಟಿ ಮ್ಯಾಲ ಏರು."

"ನಾ ಏನ್ ತಪ್ಪ ಮಾಡೀನಿ, ಅದನ್ನ ಹೇಳು. ಹೇಳಿದ್ರ ಏರ್ತೇನಿ."

ಅವನು ಅದನ್ನೇ ಮತ್ತೆ ಕೇಳಿದ, ನಗುತ್ತ ಕೇಳಿದ. ಉತ್ತರ ಬರದ ಸಿಟ್ಟಿಗೆ ಎರಡೂ ಕೈಯಿಂದ ಅವನ ಎದೆಗೆ ದೂಡಿದೆ. ಅವನ ಹಿಂದೆ ಬೆಳಕಿಂಡಿಯ ಗಾಜು ಇತ್ತು. ಅದು ಅಲ್ಲಿರುವುದು ನನಗೆ ಗೊತ್ತಿರಲಿಲ್ಲವೇ ಎಂದು ಈ ಐವತ್ತು ವರ್ಷಗಳಲ್ಲಿ ನನ್ನನ್ನೇ ಬಹಳ ಸಲ ಕೇಳಿಕೊಂಡಿದ್ದೇನೆ. ಗೊತ್ತಿತ್ತು. ದಿನಾ ಅದನ್ನು ಸುತ್ತುಹಾಕಿಯೇ ನಾವು ಓಡಾಡುತ್ತಿದ್ದೆವು.

ನಾನು ನಿಚ್ಚಣಿಕೆ ಇಳಿದು ಬಂದಾಗ ಮಲ್ಲ್ಯಾ ಹಾಸಿನಲ್ಲಿ ಸಿಕ್ಕಿಕೊಂಡಿದ್ದ. ಕೆಲವು ಎಳೆಗಳು ಹರಿದಿದ್ದವು, ಉಳಿದವು ಅವನನ್ನು ಸೊಂಟದ ಮಟ್ಟ ತಡೆದು ಹಿಡಿದಿದ್ದವು. ಒಂದು ಕಾಲು ಎಳೆಗಳ ನಡುವಿನಿಂದ ತೂರಿ ಕೆಳಗೆ ಕುಣಿಗೆ ಹೋಗಿ, ಮಗ್ಗ ತುಳಿಯುವ ಎರಡು ಹಲಗೆಗಳ ಸಂದಿನಲ್ಲಿ ಸಿಕ್ಕಿತ್ತು. ಮೈಮೇಲೆಲ್ಲ ಗಾಜಿನ ಚೂರು. ಅಪ್ಪ ಎಂಜಲು ಕೈಯಲ್ಲೇ ಓಡಿ ಬಂದು ಅವನನ್ನು ಕಂಕುಳಲ್ಲಿ ಹಿಡಿದೆತ್ತಿದ್ದ.

"ಯಾರೂ ಹಾಸ ಹರೀಬ್ಯಾಡ್ರಿ. ಎಳಿ ಸರಿಸ್ರಿ, ಸಾವಕಾಶ ಸರಿಸ್ರಿ."

ಆಯಿ ಮೊಳಕಾಲೂರಿ ಕೂತು ಎಳೆಗಳನ್ನು ಬೆರಳಿನಿಂದ ಬಿಡಿಸುತ್ತಿದ್ದಳು. ಅವ್ವ ಈ ಕಡೆಯಿಂದ, ಕಮಲಕ್ಕ ಆ ಕಡೆಯಿಂದ. ಅಪ್ಪ ಕಾಲನ್ನು ಹೊರತೆಗೆಯಲು ಮಲ್ಲ್ಯಾನನ್ನು ಸ್ವಲ್ಪ ಈ ಕಡೆ ತಿರುಗಿಸಿದ, ಸ್ವಲ್ಪ ಆ ಕಡೆ ತಿರುಗಿಸಿದ. ತಿರುಗಿಸಿದಾಗಲೆಲ್ಲ ಆ ಹುಡುಗ ಕಿರುಚುತ್ತಿದ್ದ. ಎಂಟು ವರ್ಷದ ಜೀವದ ಆ ಕಿರುಚುವಿಕೆಯ ನಡುವೆಯೂ ಆ ನಾಲ್ವರ ಎಂಟು ಕೈಗಳು ಒಂದು ಎಳೆಯನ್ನೂ ಜಗ್ಗದೆ ನಾಜೂಕಾಗಿ ಕೆಲಸ ಮಾಡುತ್ತಿದ್ದವು. ಅವರು ಕಟುಕರಲ್ಲ. ಅಪ್ಪನಂತೂ ಬಾವಿಗೆ ಹಾರಿ ಜೀವ ಉಳಿಸಿದ ಮನುಷ್ಯ. ಕೊಯ್ಯುವುದು ಅವರಲ್ಲಿ ಯಾರಿಗೂ ಹೊಳೆಯಲೇ ಇಲ್ಲ. ನನಗೂ ಹೊಳೆಯಲಿಲ್ಲ. ನಿಚ್ಚಣಿಕೆಯ ಕೊನೆಯ ಮೆಟ್ಟಿಲಲ್ಲಿ ನಿಂತು ನಾನು ಮೊದಲು ಯೋಚಿಸಿದ್ದು ಮಲ್ಲ್ಯಾನ ಬಗ್ಗೆ ಅಲ್ಲ, ಸೀರೆ ಕೆಟ್ಟಿತು ಎಂದು.

ಆಗ ಕಾಕಾ ಬಂದ. ಬಾಗಿಲಲ್ಲೇ ನೂಲಿನ ಗಂಟು ಒಗೆದು, ಸೂರಿಗೆ ಸಿಕ್ಕಿಸಿದ್ದ ಕುಡಗೋಲು ಎಳೆದುಕೊಂಡ. "ಗುರಪ್ಪಾ, ಬ್ಯಾಡ" ಎಂದು ಆಯಿ ಅಡ್ಡ ಕೈ ಚಾಚಿದಳು. ಅವನು ಆ ಕೈಯನ್ನು ಸರಿಸಿ ಮೂರೇ ಏಟಿಗೆ ಹಾಸನ್ನು ಅಡ್ಡ ಕೊಯ್ದುಬಿಟ್ಟ. ಬಿಗಿದಿದ್ದ ಎಳೆಗಳೆಲ್ಲ ಒಮ್ಮೆಲೇ ಎರಡೂ ಕಡೆಗೆ ಸಿಡಿದು ಮುದುಡಿಕೊಂಡವು. ಅಪ್ಪನ ಹಿಡಿತ ತಪ್ಪಿ ಮಲ್ಲ್ಯಾ ಕುಣಿಯೊಳಗೆ ಕುಸಿದ. ಕಾಕಾ ಇಳಿದು ಹಲಗೆ ಕಿತ್ತು ಅವನನ್ನು ಎತ್ತಿಕೊಂಡು ಬಂದಾಗ ಕಾಲು ಮೊಳಕಾಲಿನ ಕೆಳಗೆ ಬೇರೆ ದಿಕ್ಕಿಗೆ ತಿರುಗಿತ್ತು. ಅದು ನಾನು ದೂಡಿದಾಗ ಮುರಿಯಿತೋ, ಅಪ್ಪ ತಿರುಗಿಸಿದಾಗ ಮುರಿಯಿತೋ, ಕಾಕಾ ಕೊಯ್ದು ಬೀಳಿಸಿದಾಗ ಮುರಿಯಿತೋ, ಯಾರಿಗೂ ಗೊತ್ತಾಗಲಿಲ್ಲ. ಅಪ್ಪ ಮಾತ್ರ ಆ ಕ್ಷಣವೇ ತೀರ್ಮಾನ ಮಾಡಿದ.

"ನೀ ಕೊಯ್ದದ್ದಕ್ಕ ಬಿದ್ದ ಅಂವ. ನಾ ಹಿಡದಿದ್ದೆ."

ಆಯಿ ನೆಲದಲ್ಲಿ ಕೂತು ತುಂಡಾದ ಕೆಂಪು ಎಳೆಗಳನ್ನು ಉಡಿಯಲ್ಲಿ ತುಂಬಿಕೊಂಡು ಅಳುತ್ತಿದ್ದಳು. ಅಪ್ಪ ನನ್ನ ಕಡೆ ತಿರುಗಿದ.

"ಹೆಂಗ ಬಿದ್ದ?"

ಅವನ ಕೈ ಆಗಲೇ ಮುಷ್ಟಿಯಾಗಿತ್ತು. ನನಗೆ ಕಮಲಕ್ಕ ನಿಂತು ಉಂಡದ್ದು ಕಣ್ಣಮುಂದೆ ಬಂತು.

"ಹಾರಿದ. ಸಿನಿಮಾದಾಗಿನಂಗ ಹಾರ್ತೇನಿ ಅಂದ, ಹಾರಿದ."

ಮಲ್ಲ್ಯಾ ಅವರಪ್ಪನ ತೋಳಿನಲ್ಲಿ ಅರೆಗಣ್ಣು ಬಿಟ್ಟು ನನ್ನನ್ನು ನೋಡಿದ.

ಕಾಕಾ ಬಾಗಲಕೋಟೆಯ ದೊಡ್ಡ ದವಾಖಾನೆಗೆ ಹೋಗೋಣ ಎಂದ. ಅಪ್ಪ ಎಲುಬು ಕಟ್ಟುವ ಮುದುಕನನ್ನು ಕರೆಸಿದ. ಬಿದಿರಿನ ಪಟ್ಟಿ ಕಟ್ಟಿ ಮಲಗಿಸಿದರು. ಹಾಸಿಗೆ ಪಡಸಾಲೆಯಲ್ಲೇ, ಬರಿದಾದ ಮಗ್ಗದ ಪಕ್ಕ. ಒಡೆದ ಬೆಳಕಿಂಡಿಗೆ ತಗಡು ಮುಚ್ಚಿದ್ದರಿಂದ ಅಲ್ಲಿ ಹಗಲಲ್ಲೂ ಚಿಮಣಿ ಹಚ್ಚಬೇಕಾಯಿತು. ನಾನು ನೀರು ಕೊಡಲು ಹೋದರೆ ಮಲ್ಲ್ಯಾ ಕುಡಿಯುತ್ತಿದ್ದ, ಆದರೆ ಅಕ್ಕಾ ಅನ್ನುವುದನ್ನು ಬಿಟ್ಟಿದ್ದ. ಎರಡು ವಾರಕ್ಕೆ ಗುಳೇದಗುಡ್ಡದ ಬೀಗರು ಬಂದರು. ಅವರಲ್ಲೊಬ್ಬ ಮುದುಕಿ ಮಗ್ಗದ ಹತ್ತಿರ ಹೋಗಿ, ಕಂಬಕ್ಕೆ ಇನ್ನೂ ಅಂಟಿದ್ದ ಎರಡು ಕೆಂಪು ಎಳೆಗಳನ್ನು ಮುಟ್ಟಿ ನೋಡಿದಳು. ನೇಕಾರರ ಮನೆಯವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಚಹಾ ಕುಡಿದು ಎದ್ದು ಹೋದವರು ಮತ್ತೆ ಸುದ್ದಿ ಕಳಿಸಲಿಲ್ಲ. ಕೊನೆಗೆ ಮಧ್ಯಸ್ಥರ ಕಡೆಯಿಂದ ತಿಳಿದದ್ದು ಇಷ್ಟು: ಧಾರೆ ಸೀರೆಯ ಹಾಸು ಕೊಯ್ದ ಮನೆಯ ಹೆಣ್ಣು ತಮಗೆ ಬೇಡ.

ಆ ಸುದ್ದಿ ಬಂದ ಸಂಜೆ ಅಪ್ಪ ಎಲ್ಲರನ್ನೂ ಪಡಸಾಲೆಗೆ ಕರೆದ. ಕಮಲಕ್ಕ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಅಪ್ಪ ಮಲ್ಲ್ಯಾನ ತಲೆಯ ಹತ್ತಿರ ಕೂತ.

"ನೀ ಖರೆ ಹೇಳು. ನೀನಾಗೇ ಹಾರಿದ್ಯೋ, ಏನ್ ಯಾರರ ಏನರ ಅಂದ್ರೋ?"

ನಾನು ಕಂಬವನ್ನು ತಬ್ಬಿಕೊಂಡು ನಿಂತಿದ್ದೆ. ಆ ಮನೆಯಲ್ಲಿ ಯಾರು ಉಳಿಯಬೇಕು, ಯಾರು ಹೋಗಬೇಕು ಎಂಬುದು ಆ ಹುಡುಗನ ಬಾಯಲ್ಲಿತ್ತು, ಅದಕ್ಕಿಂತ ಮೊದಲು ನನ್ನ ಬಾಯಲ್ಲಿತ್ತು. ನಾನು ಖರೆ ಹೇಳಿದರೆ ಕಾಕಾ ಉಳಿಯಬಹುದಿತ್ತು. ಮಲ್ಲ್ಯಾ ಬಾಯಿ ತೆರೆದ. ಅಷ್ಟರಲ್ಲಿ ಕಾಕಾ ನಡುವೆ ಬಂದ.

"ಅವನ್ನೇನ್ ಕೇಳ್ತಿ ಅಣ್ಣಾ. ನಾನ ಹೇಳಿದ್ದೆ, ಮ್ಯಾಲಿಂದ ಹಾರಿದ್ರ ಏನೂ ಆಗೂದಿಲ್ಲ, ಗಟ್ಟಿ ಆಗ್ತಿ ಅಂತ. ನನ್ನ ಮಾತ ಕೇಳಿ ಹಾರ್ಯಾನ."

"ಹುಡುಗಗ ಹಂಗ ಹೇಳ್ತಾರೇನ?"

"ಹೇಳಿದೆ. ತಪ್ಪಾತು."

ಅವನು ಯಾಕೆ ಸುಳ್ಳು ಹೇಳುತ್ತಿದ್ದಾನೆ ಎಂದು ನನಗೆ ತಿಳಿಯಲಿಲ್ಲ. ತಿಳಿಯಲು ಪ್ರಯತ್ನವನ್ನೂ ಮಾಡಲಿಲ್ಲ, ಉಸಿರು ಬಿಟ್ಟೆ ಅಷ್ಟೆ. ಅಪ್ಪ ಮೆಲ್ಲಗೆ, ಕೂಗಾಡದೆ ಹೇಳಿದ.

"ಮಗನ ಕಾಲ ಮುರಿದಿ. ನನ್ನ ಮಗಳ ಬಾಳೇವ ಮುರಿದಿ. ಒಂದ ಮನ್ಯಾಗ ಇನ್ನ ಎಷ್ಟ ಮುರೀತಿ ನೀ. ಹೊರಡು."

ಅವ್ವ ಏನೋ ಹೇಳಲು ಹೋದಳು. ಆಯಿ ಅವಳ ಮೊಳಕೈ ಹಿಡಿದು ಸುಮ್ಮನಾಗಿಸಿದಳು. ಎರಡು ದಿನದ ನಂತರ ಕಾಕಾ ಮಲ್ಲ್ಯಾನನ್ನು ಬೆನ್ನಿಗೆ ಹಾಕಿಕೊಂಡು, ಒಂದು ಕೈಯಲ್ಲಿ ಟ್ರಂಕು ಹಿಡಿದು ಬಾದಾಮಿಯ ಬಸ್ಸಿಗೆ ನಡೆದ. ಓಣಿಯವರು ಬಾಗಿಲಲ್ಲಿ ನಿಂತು ನೋಡಿದರು. ಮಗನನ್ನು ಕುಂಟ ಮಾಡಿ, ಅಣ್ಣನ ಮಗಳ ಮದುವೆ ಕೆಡಿಸಿದ ಮನುಷ್ಯ ಹೋಗುತ್ತಿದ್ದಾನೆ ಎಂದು ಎಲ್ಲರಿಗೂ ಗೊತ್ತಿತ್ತು. ಹಾಗೆ ಗೊತ್ತಿದ್ದದ್ದರಿಂದ ಎಲ್ಲರಿಗೂ ನೆಮ್ಮದಿಯಾಗಿತ್ತು, ಎಲ್ಲರಿಗಿಂತ ಹೆಚ್ಚು ನನಗೆ.

ಅಪ್ಪ ಬೆಳಕಿಂಡಿಗೆ ಹೊಸ ಗಾಜು ಹಾಕಿಸಿ ಮತ್ತೆ ಹಾಸು ಹೂಡಿದ. ಕಮಲಕ್ಕನನ್ನು ಮೂರು ವರ್ಷದ ಮೇಲೆ ಹುನಗುಂದದ ಒಬ್ಬ ಎರಡನೇ ಸಂಬಂಧದವನಿಗೆ ಕೊಟ್ಟರು. ಆ ಧಾರೆ ಸೀರೆಯನ್ನು ಪೇಟೆಯಿಂದ ಕೊಂಡು ತಂದರು. ನಾನು ಸಾಲಿಯಲ್ಲಿ ಜಾಣೆ ಎನಿಸಿಕೊಂಡೆ. ತರಗತಿಯಲ್ಲಿ ಯಾರಾದರೂ ತಪ್ಪು ಮಾಡಿದರೆ ಮಾಸ್ತರರಿಗೆ ಮೊದಲು ಹೇಳುತ್ತಿದ್ದವಳು ನಾನೇ. ಬೇರೆಯವರ ತಪ್ಪನ್ನು ಅಷ್ಟು ಬೇಗ ಹ್ಯಾಗೆ ಗುರುತಿಸುತ್ತೀ ಎಂದು ಒಬ್ಬ ಮಾಸ್ತರರು ಹೊಗಳಿದ್ದೂ ಇದೆ. ಅಪ್ಪ ನಾನು ಹದಿನೇಳರಲ್ಲಿದ್ದಾಗ ಎದೆನೋವಿನಿಂದ ಹೋದ. ಅವನ ಮಣ್ಣಿಗೆ ಊರಿಗೆ ಊರೇ ಸೇರಿತ್ತು. ಕಾಕಾನಿಗೆ ತಿಳಿಸಬೇಕೆಂದು ಅವ್ವ ಅಂದಳು, ಆಯಿ ಬೇಡವೆಂದಳು.

ಶಿಕ್ಷಕಿಯಾಗುವ ತರಬೇತಿಗೆಂದು ಬಾಗಲಕೋಟೆಯಲ್ಲಿದ್ದಾಗ ಒಂದು ಭಾನುವಾರ ಗೆಳತಿಯರ ಜೊತೆ ಆಟಕ್ಕೆ ಹೋದೆ. ಹಳೆಯ ಸಿನಿಮಾ ಮತ್ತೆ ತಂದಿದ್ದರು. ನೀಲಿ ಅಂಗಿ, ಕೆಂಪು ವಸ್ತ್ರ, ಅದೇ ತಂತಿ. ಆ ಹೊತ್ತಿಗೆ ನನಗೆ ಹಿಂದಿ ಬರುತ್ತಿತ್ತು. ಇಷ್ಟು ವರ್ಷ ನನ್ನೊಳಗೊಂದು ಆಸೆ ಇತ್ತು, ಕಾಕಾ ಆ ಮಾತನ್ನು ಕಟ್ಟಿ ಹೇಳಿರಬಹುದು, ಸಿನಿಮಾದಲ್ಲಿ ಖಳನಾಯಕ ಬರೀ ಖಳನಾಯಕನೇ ಇರಬಹುದು ಎಂದು. ಗೋಪುರದ ದೃಶ್ಯ ಬಂತು, ಜನ ಸೀಟಿ ಹೊಡೆದರು. ನಾನು ಮುಂದಕ್ಕೆ ಬಾಗಿ ಕಿವಿಗೊಟ್ಟೆ. ಕಾಕಾ ಹೇಳಿದ್ದ ಮಾತೇ ಅದು, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆ ಇಲ್ಲ. ನಾಯಕ ಅದನ್ನು ಕೇಳಿ, ತಲೆ ಅಲ್ಲಾಡಿಸಿ, ಹೌದು ಅನ್ನುವವನ ಹಾಗೆಯೇ ನೋಡಿ ಕೈಬಿಟ್ಟ. ಗೆಳತಿಯರು ಯಾಕೆ ಅಳುತ್ತೀ ಎಂದರು. ತಲೆನೋವು ಎಂದೆ.

ಆದರೂ ಬಾದಾಮಿಗೆ ಹೋಗಲು ಇನ್ನೊಂದು ವರ್ಷ ಹಿಡಿಯಿತು. ಕಾಕಾ ಬಸ್ ನಿಲ್ದಾಣದ ಹತ್ತಿರ ಖಾನಾವಳಿಯಲ್ಲಿ ಅಡುಗೆ ಮಾಡುತ್ತಾನೆಂದು ಕೇಳಿದ್ದೆ. ಹೋದಾಗ ಅವನು ತೀರಿಕೊಂಡು ನಾಲ್ಕು ತಿಂಗಳಾಗಿದೆ ಎಂದರು. ಅವನ ಮಗನ ಅಂಗಡಿಯನ್ನು ತೋರಿಸಿದರು. ಗೋಡೆಗೆ ಹೊಂದಿಸಿದ ಸಣ್ಣ ಗೂಡು, ಗಡಿಯಾರ ರಿಪೇರಿಯದು. ಮಲ್ಲೇಶಿ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೆಲಸದಲ್ಲಿದ್ದ. ನನ್ನ ಹೆಸರು ಹೇಳಿದೆ. ಅವನು ಭೂತಗನ್ನಡಿ ತೆಗೆಯಲಿಲ್ಲ.

"ಬರ್ರಿ. ಕುಂದರ್ರಿ."

ಗಿರಾಕಿಗಳ ಕುರ್ಚಿಯಲ್ಲಿ ಕೂತೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಮರೆತು ಹೋಗಿ, ನೇರ ಹೇಳಿಬಿಟ್ಟೆ. ದೂಡಿದವಳು ನಾನು, ಸುಳ್ಳು ಹೇಳಿದವಳೂ ನಾನು.

"ಅದನ್ನ ಹೇಳಾಕ ಇಷ್ಟ ದೂರ ಬಂದ್ರೇನ್ರಿ. ದೂಡಿಸಿಕೊಂಡಂವಗ ಗೊತ್ತಿರಂಗಿಲ್ಲೇನು."

"ಕಾಕಾಗ ಹೇಳಬೇಕಾಗಿತ್ತೋ ಮಲ್ಲ್ಯಾ. ಅಷ್ಟರಾಗ ಹೋಗಿಬಿಟ್ಟ."

"ಅಪ್ಪಗ ಗೊತ್ತಿತ್ರಿ. ಬಿದ್ದ ದಿನಾನ, ಆ ಮುದುಕ ಕಾಲ ಕಟ್ಟಿ ಹೋದಮ್ಯಾಲ ನಾನ ಹೇಳಿದ್ದೆ."

ಪಡಸಾಲೆಯಲ್ಲಿ ಕಾಕಾ ಮಗನ ಮಾತಿಗೆ ಅಡ್ಡ ಬಂದದ್ದು ಯಾಕೆಂದು ಆಗ ತಿಳಿಯಿತು.

"ಏನಂದ?"

"ಯಾರ ಮುಂದೂ ಅನಬ್ಯಾಡ ಅಂದ. ದೊಡ್ಡಪ್ಪ ಅಕಿನ್ನ ಹೊಡದ ಹಾಕ್ತಾನ, ಹೆಣ್ಣ ಹುಡುಗಿ, ಬಾಳೇವ ಹಾಳಾಗ್ತತಿ ಅಂದ. ಅವ್ವನ ಆಣಿ ಹಾಕಿಸ್ಕೊಂಡ."

ನಾನು ಅತ್ತೆ. ಆ ಅಳುವಿನಲ್ಲಿ ಏನಿತ್ತೆಂದು ಮುಚ್ಚಿಡುವುದಿಲ್ಲ: ಕಾಕಾನ ಮೇಲಿನ ಪ್ರೀತಿ ಇತ್ತು, ನಾಚಿಕೆ ಇತ್ತು, ಎಲ್ಲಕ್ಕಿಂತ ಹೆಚ್ಚಾಗಿ ಹಗುರಾದ ನೆಮ್ಮದಿ ಇತ್ತು. ಎಷ್ಟೋ ವರ್ಷ ಹೊತ್ತು ತಿರುಗಿದ್ದನ್ನು ಯಾರೋ ಮೊದಲೇ ಇಳಿಸಿಕೊಂಡಿದ್ದರು. ಸೆರಗಿನಿಂದ ಮುಖ ಒರೆಸಿಕೊಂಡು, ಸ್ವಲ್ಪ ನಗುತ್ತಲೇ ಅಂದೆ.

"ಹಂಗಾರ ಕಾಕಾ ನನಗ ಅವಾಗನ ಮಾಫ್ ಮಾಡಿದ್ದ."

ಅವನು ಕಣ್ಣಿನ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟು, ನನ್ನನ್ನು ಮೊದಲ ಸಲ ನೋಡಿದ.

"ಅಂವ ಮಾಡಿದ್ದ. ನನ್ನ ಕೇಳಿ ಮಾಡಿಲ್ಲ ಅಕ್ಕಾ. ಕಾಲ ನಂದಿತ್ತು."

ಯಾರೋ ಮುದುಕರು ಕೈಯಲ್ಲಿ ನಿಂತ ಗಡಿಯಾರ ಹಿಡಿದು ಬಂದರು. ಮಲ್ಲೇಶಿ ಮೇಜಿಗೆ ಕೈಯೂರಿ ಎದ್ದು, ಗಿಡ್ಡ ಕಾಲನ್ನು ಎಳೆಯುತ್ತ ಅವರ ಕಡೆ ಹೋದ. ಕೂಡಲು ಬೇರೆ ಕುರ್ಚಿ ಇರಲಿಲ್ಲ. ನಾನು ಎದ್ದು ನನ್ನದನ್ನು ಅವರಿಗೆ ಬಿಟ್ಟುಕೊಟ್ಟೆ.